ಅಂಗಡಿಯ ಹಣೆಬರಹ

ಹಪ್ಪಳ ಮಾರುವವರಿಗೆ ಅಕ್ಷರದ ಚಿಂತೆ ಏಕೆಂದು ಕೇಳುವವರುಂಟು. ಹಪ್ಪಳ ರುಚಿಯಾಗಿದ್ದರೆ ಸಾಲದೆ? ಎದುರಿಗೆ ಕುಳಿತು ತಿನ್ನುವವನಿಗೆ ಸಾಕು. ಆದರೆ ಮಂಡೆಕೋಲಿನ ಅಂಗಳದಲ್ಲಿ ಒಣಗಿದ ಹಪ್ಪಳವನ್ನು ಬೆಂಗಳೂರಿನಲ್ಲಿರುವವನು ಕೊಳ್ಳಬೇಕಾದರೆ ರುಚಿ ಅವನ ನಾಲಿಗೆಗೆ ತಲುಪುವ ಮೊದಲು ಹೆಸರು ಅವನ ಕಣ್ಣಿಗೆ ತಲುಪಬೇಕು. ಅಂಗಡಿಯ ಹಲಗೆಯನ್ನೂ ಜಾಲತಾಣದ ಮೇಲ್ಭಾಗವನ್ನೂ ನಾನು ಹಣೆಬರಹವೆನ್ನುವುದು ಈ ಕಾರಣದಿಂದ. ಬ್ರಹ್ಮ ಬರೆದ ಹಣೆಬರಹವನ್ನು ತಿದ್ದಲಾಗದಂತೆ. ಇದನ್ನು ತಿದ್ದಬಹುದು, ಆದರೆ ಪ್ರತಿ ತಿದ್ದುಪಡಿಗೂ ದುಡ್ಡು ತಗಲುತ್ತದೆ.

ಸುಳ್ಯ ತಾಲೂಕಿನ ಮಂಡೆಕೋಲು ಕೇರಳದ ಗಡಿಗೆ ತಾಗಿಕೊಂಡಿರುವ ಊರು. ಅಡಿಕೆ, ರಬ್ಬರು, ಗೇರು ನಮ್ಮ ಬದುಕು. ಮನೆಯೊಳಗೆ ಅರೆಭಾಷೆ, ನೆರೆಮನೆಯವರೊಡನೆ ತುಳು, ಗಡಿಯಾಚೆಯ ನೆಂಟರೊಡನೆ ಅಷ್ಟಿಷ್ಟು ಮಲಯಾಳ. ಬರೆಯಬೇಕಾಗಿ ಬಂದಾಗ ಮಾತ್ರ ಕನ್ನಡ. ನನ್ನ ತಾಯಿಯೂ ನೆರೆಯ ನಾಲ್ವರು ಹೆಂಗಸರೂ ಸೇರಿ ಕೆಲವು ವರ್ಷಗಳಿಂದ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಗಿಸಿದ ಪುನರ್ಪುಳಿ ಮಾಡುತ್ತಿದ್ದಾರೆ. ಇಷ್ಟು ದಿನವೂ ಮಾಲೆಲ್ಲ ಪೇಟೆಯ ಒಬ್ಬ ವ್ಯಾಪಾರಿಗೆ ಹೋಗುತ್ತಿತ್ತು. ಅವರು ತಮ್ಮ ಚೀಟಿ ಅಂಟಿಸಿ ಮಾರುತ್ತಿದ್ದರು. ಹಪ್ಪಳ ನಮ್ಮದು, ಹೆಸರು ಅವರದು. ಆದುದರಿಂದ ಬೆಲೆ ಹೇಳುವ ಹಕ್ಕೂ ಅವರದೇ. ಕಳೆದ ವರ್ಷ ಐವರೂ ಸ್ವಂತ ಹೆಸರಿನಲ್ಲಿ ಮಾರುವುದೆಂದು ನಿಶ್ಚಯಿಸಿದರು. ಚಿಕ್ಕದೊಂದು ಜಾಲತಾಣ ಬೇಕೆಂದಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. “ಅಕ್ಷರದ ಕೆಲಸವಲ್ಲವೆ, ನೀನೇ ನೋಡಿಕೋ” ಎಂದರು. ಬಿ.ಎ. ತರಗತಿಯಲ್ಲಿ ನಾನು ಓದುವುದು ಇತಿಹಾಸ ಮತ್ತು ಅರ್ಥಶಾಸ್ತ್ರವೆಂದು ಹೇಳಿದರೆ ಅವರು ಕೇಳಬೇಕಲ್ಲ! (ಹೆಸರನ್ನು ಇಲ್ಲಿ ಬರೆದಿಲ್ಲ. ಬರೆದರೆ ಜಾಹೀರಾತಾದೀತು, ಅದಕ್ಕೆ ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಬೇರೆ ದರ ಉಂಟು.)

ಮೊದಲ ಪಾಠವನ್ನು ಕಲಿಸಿದುದು ಹಪ್ಪಳದ ಚೀಟಿ. ಹೆಸರು ಬೇಡ, ಒಂದು ಮುದ್ರಣ ಅಂಗಡಿಯಿಂದ 500 ಚೀಟಿಗಳು ಅಚ್ಚಾಗಿ ಬಂದವು. ಬಣ್ಣ ಚೆನ್ನಾಗಿತ್ತು, ಕಾಗದವೂ ಚೆನ್ನಾಗಿತ್ತು. ಆದರೆ ‘ಹಪ್ಪಳ’ದ ಒತ್ತಕ್ಷರ ಬಿಚ್ಚಿಹೋಗಿ, ನಡುವೆ ಒಂದು ಅರ್ಧ ಪಕಾರ, ಪಕ್ಕದಲ್ಲಿ ಇನ್ನೊಂದು ಪಕಾರ ನಿಂತಿದ್ದವು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ತಾಯಿ ಅದನ್ನು ಕೈಯಲ್ಲಿ ಹಿಡಿದು, “ಇದು ಯಾರಿಗೋ ಉಬ್ಬಸ ಬಂದ ಹಾಗೆ ಉಂಟು” ಎಂದರು. ಅಂಗಡಿಯವರನ್ನು ಕೇಳಿದರೆ “ಕಂಪ್ಯೂಟರಿನಲ್ಲಿ ಹಾಗೆಯೇ ಬರುವುದು” ಎಂಬ ಉತ್ತರ. ಹಾಗೆಯೇ ಬರುವುದಲ್ಲ. ಏಕೆ ಬಂತೆಂಬುದನ್ನು ಇಲ್ಲಿ ವಿವರಿಸುವುದು ಉಚಿತ. ಜಾಲತಾಣ ಮಾಡುವವರೆಲ್ಲ ಮೊದಲು ಎಡವುವ ಕಲ್ಲು ಇದೇ.

ಕಂಪ್ಯೂಟರಿಗೆ ಅಕ್ಷರದ ಆಕಾರ ತಿಳಿಯದು, ಅಂಕೆ ಮಾತ್ರ ತಿಳಿದೀತು. ಯೂನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ಪ್ರತಿಯೊಂದು ಲಿಪಿಗೂ ಒಂದು ಬೀದಿ, ಪ್ರತಿ ಅಕ್ಷರಕ್ಕೂ ಅಲ್ಲಿ ಒಂದು ಮನೆ, ಮನೆಗೊಂದು ನಂಬರು. ಕನ್ನಡದ ಬೀದಿಯಲ್ಲಿ 128 ಮನೆಗಳಿವೆ; ಕೆಲವು ಇನ್ನೂ ಖಾಲಿ. ಈ ಬೀದಿಯಲ್ಲಿ ‘ಪ್ಪ’ ಎಂಬವನಿಗೆ ಸ್ವಂತ ಮನೆ ಇಲ್ಲ. ಪಕಾರ, ವಿರಾಮಚಿಹ್ನೆ, ಮತ್ತೊಂದು ಪಕಾರ, ಹೀಗೆ ಮೂವರು ಬೇರೆ ಬೇರೆಯಾಗಿ ಬಂದು ಸೇರುತ್ತಾರೆ. ಮೂವರನ್ನು ಕೂಡಿಸಿ, ಎರಡನೆಯ ಪಕಾರವನ್ನು ಕುಗ್ಗಿಸಿ ಮೊದಲನೆಯದರ ಕಾಲಬುಡದಲ್ಲಿ ಕೂರಿಸಬೇಕೆಂಬ ಸೂಚನೆ ಫಾಂಟಿನ ಒಳಗಿರುತ್ತದೆ. ಅದನ್ನು ಓದಿ ನಡೆಸಿಕೊಡುವ ಕೆಲಸ ತಂತ್ರಾಂಶದ್ದು. ತಂತ್ರಾಂಶ ಆ ಸೂಚನೆಯನ್ನು ಓದದಿದ್ದರೆ ಮೂವರೂ ಬೀದಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ನಮ್ಮ ಚೀಟಿಯಲ್ಲಿ ಆದುದು ಇದೇ. ಚಿತ್ರ ಹಾಗೂ ಪುಟವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದು ಒಂದು ಬೇರೆ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಆಗುವ ಕೆಲಸ.

ಇದಕ್ಕಿಂತ ಹಳೆಯ ತೊಂದರೆಯೊಂದುಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರಿಸುತ್ತಿದ್ದರು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆರಡೂ ಕನ್ನಡಿಗರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಮಂಗಳೂರು ಸೀಮೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಿಲ್ಲದಿದ್ದರೆ ಈ ಲೇಖನವನ್ನು ನಾನು ಇಷ್ಟು ಸುಲಭವಾಗಿ ಬೆರಳಚ್ಚು ಮಾಡಲಾಗುತ್ತಿರಲಿಲ್ಲ. ಆದರೆ ಆ ಹಳೆಯ ಕ್ರಮದಲ್ಲಿ ಬರೆದುದನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಬಾಡಿಗೆದಾರ ಮಾಯವಾಗಿ ಮನೆಯ ಯಜಮಾನ ಮಾತ್ರ ಕಾಣಿಸುತ್ತಾನೆ. ಎಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕುಯಂತ್ರಕ್ಕೂ ಅದು ಕನ್ನಡವೆಂದು ತಿಳಿಯದು. ‘ಹಲಸಿನ ಹಪ್ಪಳ’ ಎಂದು ಹುಡುಕಿದವನಿಗೆ ನಮ್ಮ ಅಂಗಡಿ ಸಿಕ್ಕಲಾರದು. ಆದುದರಿಂದ ಫಾಂಟ್ ಸುಂದರವೋ ಅಲ್ಲವೋ ಎಂಬುದು ಆಮೇಲಿನ ಮಾತು. ಅದು ಯೂನಿಕೋಡ್ ಫಾಂಟೇ ಎಂಬುದು ಮೊದಲನೆಯ ಪ್ರಶ್ನೆ.

ಇನ್ನು ಆಯ್ಕೆ. ಜಾಲತಾಣಕ್ಕೆ ಅಕ್ಷರ ಆರಿಸುವ ಬಗೆಗೆ ದೊರೆಯುವ ಉಪದೇಶವೆಲ್ಲ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದುದು. ಇಂಗ್ಲಿಷಿನಲ್ಲಿ 26 ಅಕ್ಷರ, ದೊಡ್ಡವು ಚಿಕ್ಕವು ಸೇರಿ 52. ನಮ್ಮ ವರ್ಣಮಾಲೆಯಲ್ಲಿ 49 ಎಂದು ಶಾಲೆಯಲ್ಲಿ ಎಣಿಸುತ್ತೇವೆ. ಅಷ್ಟಕ್ಕೆ ಮುಗಿಯಿತೆ? 34 ವ್ಯಂಜನಗಳಿಗೂ ಗುಣಿತ, ಪ್ರತಿಯೊಂದಕ್ಕೂ ಒತ್ತು, ಒತ್ತಿನ ಮೇಲೆ ಮತ್ತೆ ಗುಣಿತ. ಒಂದು ಕನ್ನಡ ಫಾಂಟಿನಲ್ಲಿ ನೂರಾರು ಆಕಾರಗಳು ಬೇಕಾಗುತ್ತವೆ. ಅದೂ ಅಲ್ಲದೆ ಕನ್ನಡದ ಸಾಲು ನಮ್ಮ ಕಡೆಯ ಹಳೆಯ ಮನೆಯ ಹಾಗೆ: ಮೇಲೆ ಅಟ್ಟ, ನಡುವೆ ಚಾವಡಿ, ಕೆಳಗೆ ನೆಲಮಾಳಿಗೆ. ಗುಡಿಸು, ಏತ್ವ ಅಟ್ಟದಲ್ಲಿ, ಮೂಲಾಕ್ಷರ ಚಾವಡಿಯಲ್ಲಿ, ಒತ್ತು ಮಾಳಿಗೆಯಲ್ಲಿ. ಇಂಗ್ಲಿಷಿನ ಅಳತೆಗೆ ಸಾಲುಗಳ ನಡುವೆ ಜಾಗ ಬಿಟ್ಟರೆ ಮೇಲಿನ ಸಾಲಿನ ಮಾಳಿಗೆ ಕೆಳಗಿನ ಸಾಲಿನ ಅಟ್ಟಕ್ಕೆ ಢಿಕ್ಕಿ ಹೊಡೆಯುತ್ತದೆ. ಅಕ್ಷರದ ಗಾತ್ರ 10 ಆದರೆ ಸಾಲಿನಿಂದ ಸಾಲಿಗೆ 16 ಅಥವಾ 17 ಇಟ್ಟಾಗ ನಮ್ಮ ಪುಟಕ್ಕೆ ಉಸಿರಾಡಲು ಬಂತು. ಇಂಗ್ಲಿಷಿನಲ್ಲಿ ಒತ್ತಿ ಹೇಳಲು ಅಕ್ಷರವನ್ನು ಬಾಗಿಸುತ್ತಾರೆ, ಇಲ್ಲವೆ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ, ಕಂಪ್ಯೂಟರು ಬಲವಂತವಾಗಿ ಬಾಗಿಸಿದ ಕನ್ನಡ ಗಾಳಿಗೆ ವಾಲಿದ ಅಡಿಕೆ ಮರದಂತೆ ಕಾಣುತ್ತದೆ. ದಪ್ಪವೊಂದೇ ನಮಗಿರುವ ದಾರಿ, ಅದನ್ನೂ ಹಿತಮಿತವಾಗಿ ಬಳಸಬೇಕು.

ಮಂಗಳೂರು ಸೀಮೆಯವರಿಗೆ ಈ ಕಷ್ಟ ಹೊಸದಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯ ತೆರೆದುದು 1841ರಲ್ಲಿ. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ವೃತ್ತಪತ್ರಿಕೆ, ಅದು ಕಲ್ಲಚ್ಚಿನದು. ಕಲ್ಲಚ್ಚೆಂದರೆ ಕೈಬರಹವೇ ಅಚ್ಚಾಗುವುದು, ಎರಕದ ಮೊಳೆಗಳ ಹಂಗಿಲ್ಲ. ಮೊಳೆ ಬಂದಾಗ ಒತ್ತಕ್ಷರಗಳಿಗೆ ಬೇರೆ ಚೂರುಗಳನ್ನು ಎರಕ ಹೊಯ್ದು ಕೆಳಗೆ ಜೋಡಿಸಬೇಕಾಯಿತು. 1894ರಲ್ಲಿ ಅದೇ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ನಿಘಂಟಿನ ಯಾವ ಪುಟವನ್ನಾದರೂ ತೆರೆದು ನೋಡಿ: ಕನ್ನಡ, ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿ ಜಗಳವಿಲ್ಲದೆ ಕುಳಿತಿವೆ. ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಆ ನಿಘಂಟನ್ನು ಅರ್ಥ ತಿಳಿಯಲು ತೆರೆದವನು ನಾನು, ಅಕ್ಷರ ನೋಡುತ್ತಾ ಕುಳಿತುಬಿಟ್ಟೆ.

ಪರೀಕ್ಷೆಗೆ ನಾನು ಹಿಡಿದ ಕ್ರಮವನ್ನು ಹೇಳುತ್ತೇನೆ. ಯಾರು ಬೇಕಾದರೂ ಮಾಡಬಹುದು. ಫಾಂಟಿನ ಅಂದವನ್ನು ಅದರ ಮಾದರಿ ಪುಟದಲ್ಲಿ ನೋಡಲೇಬಾರದು. ವಧುವಿನ ಪಟ ಕಳುಹಿಸುವವರು ಚೆನ್ನಾಗಿರುವುದನ್ನೇ ಕಳುಹಿಸುತ್ತಾರಷ್ಟೆ. ನಮ್ಮ ಮಾಲಿನ ಹೆಸರುಗಳಲ್ಲಿ ಅತಿ ಕಷ್ಟದ ಪದವನ್ನೇ ಅದರಿಂದ ಬರೆಸಬೇಕು. ನಮಗೆ ಸಿಕ್ಕಿದುದು ‘ಪುನರ್ಪುಳಿ’. ಇದರ ಅರ್ಕಾವೊತ್ತು ಒಂದು ಸೋಜಿಗ: ಬಾಯಲ್ಲಿ ರಕಾರ ಮೊದಲು, ಕಣ್ಣಿಗೆ ಪಕಾರ ಮೊದಲು. ಕಂಪ್ಯೂಟರು ಬಾಯಿಯ ಕ್ರಮದಲ್ಲಿ ಇಟ್ಟುಕೊಂಡು ಕಣ್ಣಿನ ಕ್ರಮದಲ್ಲಿ ತೋರಿಸುತ್ತದೆ. ಪಕಾರಕ್ಕೆ ಕೊಂಬೂ ಇದ್ದು, ಅದರ ಪಕ್ಕದಲ್ಲಿ ಅರ್ಕಾವೊತ್ತೂ ಬಂದಾಗ ಸಂದಣಿ ಹೆಚ್ಚುತ್ತದೆ. ಅಂಗಡಿಗೆ ಲಕ್ಷ್ಮಿಯ ಹೆಸರಿಟ್ಟವರಂತೂ ‘ಕ್ಷ್ಮಿ’ ಒಂದನ್ನೇ ನೋಡಿದರೆ ಸಾಕು. ಮೂರು ವ್ಯಂಜನ, ಒಂದು ಸ್ವರ, ಎಲ್ಲ ಒಂದೇ ಗೂಡಿನಲ್ಲಿ. ಆ ಗೂಡು ಕಲಸಿಹೋಗದೆ ನಿಂತರೆ ಉಳಿದುದು ನಿಂತೀತು.

ಐದು ಫಾಂಟುಗಳಲ್ಲಿ ‘ಹಲಸಿನ ಹಪ್ಪಳ’, ‘ಪುನರ್ಪುಳಿ’, ‘ಮಿಡಿ ಉಪ್ಪಿನಕಾಯಿ’ ಎಂದು ಬರೆಸಿ, ತೆರೆಯಲ್ಲಿ ಗೀರು ಬಿದ್ದ ಹಳೆಯ ಫೋನಿನಲ್ಲಿ ತೋರಿಸುತ್ತಾ ಐವರು ಹೆಂಗಸರ ಮುಂದೆ ಕುಳಿತೆ. ಚಾವಡಿಯ ನೆರಳಿನಲ್ಲಿ ಒಮ್ಮೆ, ಹಪ್ಪಳ ಒಣಗುವ ಅಂಗಳದ ಬಿಸಿಲಿನಲ್ಲಿ ಒಮ್ಮೆ. ‘ಚೆನ್ನಾಗಿದೆಯೆ’ ಎಂದು ಕೇಳಲಿಲ್ಲ, ‘ಓದಿ’ ಎಂದೆ. ತೆಳು ಗೆರೆಯ ಫಾಂಟು ನೆರಳಿನಲ್ಲಿ ಬಹು ನಾಜೂಕಾಗಿತ್ತು. ಬಿಸಿಲಿನಲ್ಲಿ ಪುನರ್ಪುಳಿಯ ಅರ್ಕಾವೊತ್ತನ್ನು ಒಬ್ಬರು ಒಂಬತ್ತೆಂಬ ಅಂಕೆಯಾಗಿ ಓದಿದರು. ಇನ್ನೊಂದರಲ್ಲಿ ತಲೆಕಟ್ಟು ದಪ್ಪವಾಗಿ ಒಳಗಿನ ಬಿಳಿ ಜಾಗ ಮುಚ್ಚಿಹೋಗಿ ‘ಪ’ಕ್ಕೂ ‘ಷ’ಕ್ಕೂ ಭೇದ ತಿಳಿಯಲಿಲ್ಲ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಆ ಸೀಳು ಕಿರಿದು ಗಾತ್ರದಲ್ಲಿ ಉಳಿಯುತ್ತದೆಯೇ ಎಂಬುದೇ ಫಾಂಟಿನ ಯೋಗ್ಯತೆ. ನನ್ನ ತಾಯಿ ಬೆರಳಿಟ್ಟು ಓದುವವರು. ಅವರ ಬೆರಳು ಎಲ್ಲಿ ನಿಂತಿತೋ ಅಲ್ಲಿ ನಾನು ಗುರುತು ಹಾಕಿಕೊಂಡೆ. ಮೂರು ವರ್ಷದ ಕಾಲೇಜಿನ ವಿದ್ಯೆಗಿಂತ ಆ ಬೆರಳು ಈ ವಿಷಯದಲ್ಲಿ ಹೆಚ್ಚು ತಿಳಿದಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ.

ಹಣ ಕೊಡದೆ ದೊರೆಯುವ, ವ್ಯಾಪಾರಕ್ಕೂ ಬಳಸಲು ಒಪ್ಪಿಗೆಯುಳ್ಳ ಒಳ್ಳೆಯ ಕನ್ನಡ ಫಾಂಟುಗಳು ಈಗ ಹಲವು ಉಂಟು. ‘ನೋಟೋ ಸಾನ್ಸ್ ಕನ್ನಡ’ ಮೊದಲನೆಯದು. ಅಕ್ಷರ ಸಿಕ್ಕದಿದ್ದಾಗ ತೆರೆಯ ಮೇಲೆ ಕಾಣುವ ಖಾಲಿ ಚೌಕವನ್ನು ಇಂಗ್ಲಿಷಿನವರು ‘ಟೋಫು’ ಎನ್ನುತ್ತಾರೆ. ಟೋಫು ಇರಬಾರದು ಎಂಬುದರಿಂದ ‘ನೋಟೋ’ ಎಂಬ ಹೆಸರು ಹುಟ್ಟಿತು. ಇದರಲ್ಲಿ ಠೀವಿಯಿಲ್ಲ, ತೊಂದರೆಯೂ ಇಲ್ಲ. ಸರಕಾರಿ ಶಾಲೆಯ ಮೇಷ್ಟರ ಕೈಬರಹದಂತೆ ಸ್ಪಷ್ಟ. ‘ತಿರೋ ಕನ್ನಡ’ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಗ್ರಂಥಗಳಿಗಾಗಿ ರೂಪುಗೊಂಡ ಅಕ್ಷರ. ಪುಸ್ತಕದಲ್ಲಿ ಅದರಷ್ಟು ಗಂಭೀರವಾದುದನ್ನು ನಾನು ಕಂಡಿಲ್ಲ, ಆದರೆ ಉಪ್ಪಿನಕಾಯಿಗೆ ಅಷ್ಟು ಗಾಂಭೀರ್ಯ ಬೇಡವೆಂದು ತೋರಿತು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರಚಿಸಿದ ‘ಆಕಾಯ ಕನಡಕ’ದಲ್ಲಿ ಲೇಖನಿಯ ಓಟವಿದೆ, ತಲೆಬರಹಕ್ಕೆ ಸೊಗಸು. ಮುಂಬಯಿಯ ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ದುಂಡಗೆ, ಉಂಡ ಮಗುವಿನ ಹೊಟ್ಟೆಯ ಹಾಗೆ. ಬಾಲೂ ಎಂಬುದು ಕಿಪ್ಲಿಂಗನ ಕಾಡಿನ ಕಥೆಯ ಕರಡಿಯ ಹೆಸರು. ಪ್ರತಿ ಲಿಪಿಯಲ್ಲೂ ಆ ಕರಡಿಗೆ ಒಬ್ಬ ಸಹೋದರ: ಕನ್ನಡದಲ್ಲಿ ತಮ್ಮ, ತೆಲುಗಿನಲ್ಲಿ ತಮ್ಮುಡು, ತಮಿಳಿನಲ್ಲಿ ತಂಬಿ, ಮಲಯಾಳದಲ್ಲಿ ಚೇಟ್ಟನ್. ಗಡಿಯ ಊರಿನವರಿಗೆ ಇದು ಬರಿಯ ತಮಾಷೆಯಲ್ಲ. ಕಾಸರಗೋಡಿನ ಕಡೆಯ ಗಿರಾಕಿಗಾಗಿ ಮಲಯಾಳದಲ್ಲಿ ಒಂದು ಸಾಲು ಬೇಕೇ ಬೇಕು, ಬೇರೆ ಊರಿನವರಿಗೆ ಇಂಗ್ಲಿಷಿನ ಸಾಲೂ ಬೇಕು. ಮೂರೂ ಒಂದೇ ತಾಯಿಯ ಮಕ್ಕಳಂತೆ ಕಂಡರೆ ಚೀಟಿ ಸಂತೆಯಾಗುವುದಿಲ್ಲ.

ಕೊನೆಗೆ ತಲೆಬರಹಗಳಿಗೆ ಬಾಲೂ ತಮ್ಮ, ಉಳಿದ ಬರವಣಿಗೆಗೆ ನೋಟೋ. ಎರಡಕ್ಕಿಂತ ಹೆಚ್ಚು ಫಾಂಟು ಬೇಡವೆಂದು ನಾನು ಹಟ ಹಿಡಿದೆ. ಯಾವ ಲಿಪಿ ಮೇಲೆ ಎಂಬುದಕ್ಕೆ ಚರ್ಚೆಯೇ ಆಗಲಿಲ್ಲ. ಅಂಗಡಿಯ ಹಲಗೆಯ ಮೇಲ್ಭಾಗದಲ್ಲಿ ನೂರಕ್ಕೆ 60 ಪಾಲು ಕನ್ನಡವಿರಬೇಕೆಂದು 2024ರಲ್ಲಿ ರಾಜ್ಯದ ಕಾನೂನು ಆಯಿತು. ಇಲ್ಲಿ ಕಾರಣ ಬೇರೆ. ತಾವು ಮಾಡಿದ ಹಪ್ಪಳದ ಮೇಲಿನ ಹೆಸರನ್ನು ಐವರೂ ತಾವೇ ಓದಲು ಶಕ್ತರಾಗಬೇಕಷ್ಟೆ. ತುಳು ಲಿಪಿಯಲ್ಲಿಯೂ ಬರೆಸಬಾರದೇಕೆಂದು ಒಬ್ಬ ಗೆಳೆಯ ಕೇಳಿದ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿದುದು ನಮಗೆಲ್ಲ ಸಂತೋಷವೇ. ಆದರೆ ನಮ್ಮ ಫೋನುಗಳಲ್ಲಿ ಅದು ಇನ್ನೂ ಖಾಲಿ ಚೌಕವಾಗಿಯೇ ಬಂತು. ಚಿತ್ರವಾಗಿ ಬರೆಸಬಹುದು, ಓದುವವರು ಬೇಕಲ್ಲ.

ಲಾಂಛನದ ವಿಚಾರ ಬಂದಾಗ ಬಣ ಐದಾಯಿತು. ಒಬ್ಬರಿಗೆ ಇಡೀ ಹಲಸಿನ ಹಣ್ಣು, ಒಬ್ಬರಿಗೆ ಅಡಿಕೆ ಮರ, ಇನ್ನೊಬ್ಬರಿಗೆ ಹಪ್ಪಳ ಒಣಗಿಸುವ ಹೆಂಗಸು, ಮತ್ತೊಬ್ಬರಿಗೆ ಇವೆಲ್ಲವೂ. ಲಾಂಛನವೆಂದರೆ ಚಿತ್ರಪಟವಲ್ಲ, ಗುರುತು. 1951–52ರ ಮೊದಲ ಮಹಾಚುನಾವಣೆಯಲ್ಲಿ ಓದು ಬಾರದ ಕೋಟ್ಯಂತರ ಜನರಿಗಾಗಿ ಚಿಹ್ನೆಗಳನ್ನು ಕೊಟ್ಟರಲ್ಲ, ಅದೇ ನ್ಯಾಯ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಲಾಂಛನದಲ್ಲಿ ನಾಯಿಯ ಚಿತ್ರವಿತ್ತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು, ನಾಯಿ ಹಲಗೆಯಿಂದ ಇಳಿಯಿತು. ನನ್ನ ಅಜ್ಜಿಯ ಬಾಯಲ್ಲಿ ಅದು ಇಂದಿಗೂ ‘ನಾಯಿಯ ಬ್ಯಾಂಕು’. ಮೈಸೂರು ಸ್ಯಾಂಡಲ್ ಸಾಬೂನಿನ ಶರಭ, ಸಿಂಹದ ಮೈ ಆನೆಯ ತಲೆ, ನೂರು ವರ್ಷ ಕಳೆದರೂ ಬದಲಾಗಿಲ್ಲ. ಬದಲಾಗದಿರುವುದೂ ಒಂದು ಬಲ.

ನಾನು ಮೂರು ಒರೆಗಲ್ಲು ಇಟ್ಟೆ. ಜಾಲತಾಣದ ಪಟ್ಟಿಯಲ್ಲಿ ಕಾಣುವ ಕಿರುಗುರುತಿನ ಅಳತೆ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ಅಷ್ಟರಲ್ಲಿ ಗುರುತು ಸಿಗಬೇಕು. ವಾಟ್ಸಾಪಿನ ದುಂಡು ಚೌಕಟ್ಟಿನಲ್ಲಿ ಮೂಲೆ ಕತ್ತರಿಸಿಹೋಗಬಾರದು. ರಬ್ಬರು ಮೊಹರಿನಲ್ಲಿ ಒಂದೇ ಬಣ್ಣದಲ್ಲಿ ಒತ್ತಿದರೂ ತಿಳಿಯಬೇಕು. ಅಂಚೆ ಪೊಟ್ಟಣದ ಮೇಲೆ ನಾವು ಒತ್ತುವುದು ಅದನ್ನೇ. ಹಲಸಿನ ಹಣ್ಣು 16 ಚುಕ್ಕಿಗಳಲ್ಲಿ ಹಸಿರು ಉಂಡೆಯಾಯಿತು. ಆಹಾರದ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಬೊಟ್ಟು, ಸಸ್ಯಾಹಾರದ ಗುರುತು, ಮೊದಲೇ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಹಸಿರು ದುಂಡು ಬಂದರೆ ಯಾವುದು ಯಾರದೆಂದು ತಿಳಿಯದು. ಹೆಂಗಸಿನ ಚಿತ್ರ ಬರಿಯ ಕಲೆಯಂತಾಯಿತು. ಉಳಿದುದು ಹಪ್ಪಳವೇ: ಒಂದು ದುಂಡು, ಅಂಚಿನಲ್ಲಿ ಮುರಿದ ಒಂದು ತುಂಡಿನ ಜಾಗ, ಒಳಗೆ ಮೂರು ಗುಳ್ಳೆ. ಬಣ್ಣ ಪುನರ್ಪುಳಿಯ ಕಡುಗೆಂಪು. ಹಲಸಿನ ಪಕ್ಷದವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಹೆಸರನ್ನು ಮಾತ್ರ ಫಾಂಟಿನಿಂದ ಬರೆಸಲಿಲ್ಲ. ಸುಳ್ಯ ಪೇಟೆಯಲ್ಲಿ ಹಲಗೆ ಬರೆಯುತ್ತಿದ್ದ ಹಿರಿಯರೊಬ್ಬರಿದ್ದಾರೆ. ಫ್ಲೆಕ್ಸು ಬಂದ ಮೇಲೆ ಕುಂಚ ಕೆಳಗಿಟ್ಟವರು. ಅವರು ಮೊದಲು ಕಾಗದದ ಮೇಲೆ ಎಳೆದುದು ಅಕ್ಷರವನ್ನಲ್ಲ, ನಾಲ್ಕು ಅಡ್ಡಗೆರೆಗಳನ್ನು. “ಒತ್ತಿಗೆ ಜಾಗ ಎಷ್ಟೆಂದು ಮೊದಲು ನೋಡಬೇಕು, ಅಕ್ಷರ ಆಮೇಲೆ. ಈಗಿನವರು ಅಕ್ಷರ ಬರೆದ ಮೇಲೆ ಒತ್ತಿಗೆ ಜಾಗ ಹುಡುಕುತ್ತಾರೆ” ಎಂದರು. ಅಟ್ಟ, ಚಾವಡಿ, ಮಾಳಿಗೆಯ ಲೆಕ್ಕ ಅವರ ಕೈಗೆ ಎಂದೋ ತಿಳಿದಿತ್ತು. ಮೂರು ಸಲ ಬರೆದು ಮೂರನೆಯದನ್ನು ಕೊಟ್ಟರು. ಅದನ್ನು ಫೋನಿನಲ್ಲಿ ಪಟ ತೆಗೆದು, ಕಂಪ್ಯೂಟರಿನಲ್ಲಿ ಅಂಚುಗಳನ್ನು ಗೆರೆಯಾಗಿ ಪರಿವರ್ತಿಸಿ ಇಟ್ಟುಕೊಂಡೆವು. ಚುಕ್ಕಿಗಳ ಚಿತ್ರವನ್ನು ದೊಡ್ಡದು ಮಾಡಿದರೆ ಒಡೆಯುತ್ತದೆ, ಗೆರೆಗಳ ಚಿತ್ರ ಎಷ್ಟು ಹಿಗ್ಗಿಸಿದರೂ ಒಡೆಯದು. ಹೆಸರು ಹೀಗೆ ಚಿತ್ರವಾಗಿರುವುದರಿಂದ ಯಾವ ತಂತ್ರಾಂಶವೂ ಅದರ ಒತ್ತನ್ನು ಇನ್ನು ಬಿಚ್ಚಲಾರದು. ಆದರೆ ಹುಡುಕುಯಂತ್ರ ಚಿತ್ರವನ್ನು ಓದುತ್ತದೆಂದು ನಂಬುವಂತಿಲ್ಲ. ಅದರ ಹಿಂದೆ ಅದೇ ಹೆಸರನ್ನು ಯೂನಿಕೋಡಿನಲ್ಲಿ ಬರೆದಿಡಬೇಕು. ಕಣ್ಣು ಕಾಣದವರ ಫೋನು ಗಟ್ಟಿಯಾಗಿ ಓದಿಹೇಳುವುದೂ ಅದನ್ನೇ.

ಕೊನೆಯದು ತೂಕದ ಮಾತು. ನೂರಾರು ಆಕಾರ ಹೊತ್ತ ಕನ್ನಡ ಫಾಂಟು ಇಂಗ್ಲಿಷ್ ಫಾಂಟಿಗಿಂತ ಭಾರ. 2021ರ ಮಳೆಗಾಲದಲ್ಲಿ ನಮ್ಮ ತಾಲೂಕಿನ ಬಳ್ಳಕದಲ್ಲಿ ರಸ್ತೆಬದಿ ಕುಳಿತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ವಾಚಕರು ನೋಡಿರಬಹುದು. ಅಲ್ಲಿ ಮಾತ್ರ ಸಿಗ್ನಲು ಸಿಗುತ್ತಿತ್ತು. ಅಂಥ ಊರಿನವರೂ ನಮ್ಮ ಗಿರಾಕಿಗಳೇ. ಆದುದರಿಂದ ಬಾಲೂ ತಮ್ಮನ ಐದು ದಪ್ಪಗಳಲ್ಲಿ ಒಂದನ್ನೇ ಇಟ್ಟು, ಕಡತವನ್ನು ಒತ್ತಿ ಚಿಕ್ಕದು ಮಾಡಿದೆವು. ಫಾಂಟು ಬಂದು ತಲುಪುವವರೆಗೆ ಫೋನಿನಲ್ಲಿರುವ ಕನ್ನಡದಲ್ಲಿಯೇ ತೋರಿಸೆಂದು ಪುಟಕ್ಕೆ ಆಜ್ಞೆ ಕೊಟ್ಟೆವು. ಬೆಲೆ ಮತ್ತು ಫೋನ್ ನಂಬರಿಗಾಗಿ ಯಾರೂ ಅಕ್ಷರದ ಅಲಂಕಾರಕ್ಕೆ ಕಾಯಬೇಕಾಗಿಲ್ಲ. ಫೋನಿನ ಕನ್ನಡ ಒಂದೊಂದರಲ್ಲಿ ಒಂದೊಂದು ಬಗೆ. ಹಳೆಯ ವಿಂಡೋಸಿನಲ್ಲಿ ತುಂಗಾ, ಈಚಿನದರಲ್ಲಿ ನಿರ್ಮಲಾ, ಆ್ಯಪಲ್ಲಿನಲ್ಲಿ ಕನ್ನಡ ಸಂಗಮ್. ಎಲ್ಲದರಲ್ಲೂ ಒಮ್ಮೆ ತೆರೆದು ನೋಡಿದೆವು.

ಚೀಟಿಯ ಮಲಯಾಳದ ಸಾಲನ್ನು ನೋಡಿಕೊಡಲು ಗಡಿಯಾಚೆಯ ನೆಂಟರೊಬ್ಬರು ಒಪ್ಪಿದ್ದಾರೆ. ಅವರ ಉತ್ತರ ಬಂದೊಡನೆ 200 ಚೀಟಿಗಳು ಅಚ್ಚಿಗೆ ಹೋಗುತ್ತವೆ. ಈ ಸಲ ಮೊದಲ ಹಾಳೆಯನ್ನು ನನ್ನ ತಾಯಿ ಬೆರಳಿಟ್ಟು ಓದಿದ ಮೇಲೆ ಉಳಿದವು.